ಹೊಸಹಳ್ಳಿ ಬಂಗಲೆಯ ಹರಾಜು

೧೯೭೯ರ ಮಾತು. ಕೂಡ್ಲಿಗಿಯ ಕಟ್ಟಡ ಇಲಾಖೆ ಕಚೇರಿಯಲ್ಲಿ ಹರಾಜಿನ ನೋಟೀಸು ಟೈಪು ಮಾಡುತ್ತಿದ್ದ ಹುಲುಗಮ್ಮನ ಬೆರಳುಗಳು ನಡುವೆಯೇ ನಿಂತವು. ಮಾರಾಟಕ್ಕಿದ್ದುದು ಹೊಸಹಳ್ಳಿಯ ಹಳೆಯ ಸರ್ಕಾರಿ ಬಂಗಲೆ. ಅವಳ ಅವ್ವ ಮಾರೆಮ್ಮ ಅಲ್ಲಿ ಮೂವತ್ತು ವರ್ಷ ಕಸ ಗುಡಿಸಿದ್ದಳು. ಹನ್ನೆರಡು ತೇಗದ ಕಂಬ, ಕಂಬಕ್ಕೆ ನಾಲ್ಕು ಕೆತ್ತನೆಯ ಗಿಳಿ. ಹುಲುಗಮ್ಮ ಎಣಿಕೆ ಕಲಿತದ್ದೇ ಆ ಗಿಳಿಗಳಿಂದ.

ಎದ್ದು ಎಂಜಿನಿಯರ್ ಮೈಲಾರಲಿಂಗಪ್ಪನವರ ಮುಂದೆ ನಿಂತಳು.

"ಸಾಹೇಬ್ರ, ಹಿಂಗ ಮಾರಿದ್ರ ಕಟಿಗಿ ವ್ಯಾಪಾರದೋರು ಕೊಳ್ತಾರ. ವಾರದಾಗ ಕಂಬ ಕಿತ್ತು ಲಾರಿಗೆ ಏರಿಸ್ತಾರ್ರಿ."

"ಕೀಳಬಾರದು ಅಂದ್ರ ಕೊಳ್ಳೋರು ಯಾರವ್ವ?" ಎಂದರು ಅವರು. ಮತ್ತೆ, "ಏನೇನು ಉಳೀಬೇಕೋ ಪಟ್ಟಿ ಮಾಡ್ಕೊಂಡು ಬಾ. ಮ್ಯಾಲಕ್ಕ ಕಳಿಸ್ತೀನಿ" ಎಂದರು.

ಮರುದಿನ ಮೊದಲ ಬಸ್ಸಿಗೇ ಹೊಸಹಳ್ಳಿಗೆ ಹೋದಳು. ಟೇಪಿನ ಒಂದು ತುದಿ ಅವ್ವ ಹಿಡಿದಳು, ಇನ್ನೊಂದು ಇವಳು. ಕಂಬ, ಚೌಕಟ್ಟು, ಜಂತೆ, ಬಣ್ಣದ ಗಾಜಿನ ಕಿಟಕಿ ಎಲ್ಲವನ್ನೂ ಅಳೆದು ಬರೆದಳು. ತಿಂಗಳಾದ ಮೇಲೆ ಒಪ್ಪಿಗೆ ಬಂತು. ಪಟ್ಟಿಯಲ್ಲಿದ್ದುದನ್ನು ಕಿತ್ತರೆ ಕಟ್ಟಡ ಮರಳಿ ಸರ್ಕಾರಕ್ಕೆ. ಆದರೆ ಯಾರೂ ಸವಾಲು ಕೂಗದಿದ್ದರೆ ಮುಂದಿನ ಹರಾಜು ಷರತ್ತಿಲ್ಲದೆಯೇ.

ಹರಾಜಿನ ದಿನ ಬಂಗಲೆಯ ಅಂಗಳ ತುಂಬಿತ್ತು. ಹುಲುಗಮ್ಮ ಷರತ್ತು ಓದುತ್ತಿದ್ದಂತೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಕಟ್ಟಿಗೆ ವ್ಯಾಪಾರಿ ದುರುಗಣ್ಣ ಮಾತ್ರ ಕೂತೇ ಇದ್ದ. ಅವನೊಬ್ಬನೇ ಸರ್ಕಾರದ ಬೆಲೆಗೆ ಕೂಗಿದ.

"ಒಂದು ಸಲ" ಎಂದರು ಎಂಜಿನಿಯರು.

ಆಗ ಹಿಂದಿನಿಂದ ಕಂಬಳಿ ನೇಯುವವರ ಸಂಘದ ಅಧ್ಯಕ್ಷೆ ಭರಮಮ್ಮ ಎದ್ದು ನಿಂತಳು. "ಮಗ್ಗಕ್ಕ ಕುಣಿ ತೋಡಬೌದೇನ್ರಿ? ನೆಲ ಪಟ್ಟಿಯಾಗ ಐತೇನು?"

ಎಲ್ಲರೂ ಹುಲುಗಮ್ಮನ ಕಡೆ ನೋಡಿದರು. ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಇಲ್ರಿ ಯವ್ವಾ. ಹಿಂದಿನ ಕೋಣಿಗಳದ್ದು ಮಣ್ಣಿನ ನೆಲ. ತೋಡಬೌದು."

"ಹಂಗಾರ ಐನೂರು ಮ್ಯಾಲ."

ದುರುಗಣ್ಣ ಏರಿಸಿದ. ಭರಮಮ್ಮನೂ ಏರಿಸಿದಳು. ಆರನೆಯ ಸಲಕ್ಕೆ ಅವಳು ತನ್ನವರ ಕಡೆ ತಿರುಗಿ ಪಿಸುಗುಟ್ಟತೊಡಗಿದಳು. ದುರುಗಣ್ಣ ಪಕ್ಕದವನಿಗೆ, "ಷರತ್ತು ಕಾಗದದಾಗ ಇರ್ತಾವ. ಆಮ್ಯಾಲ ಯಾರು ಬಂದು ನೋಡ್ತಾರ?" ಎಂದ.

"ನಾ ನೋಡ್ತೀನ್ರಿ" ಎಂದಳು ಹುಲುಗಮ್ಮ. ದನಿ ಅವಳಿಗೇ ಗೊತ್ತಿಲ್ಲದಂತೆ ಏರಿತ್ತು. "ಮೂರು ತಿಂಗ್ಳಿಗೊಮ್ಮಿ ಬರ್ತೀನಿ. ಅಳತಿ ಎಲ್ಲಾ ನನ್ನತ್ರ ಐತಿ."

"ತಪಾಸಣಿ ಆರ್ಡರು ನಾನೇ ಕೊಡ್ತೀನಿ" ಎಂದರು ಮೈಲಾರಲಿಂಗಪ್ಪನವರು.

ದುರುಗಣ್ಣ ಕಂಬಗಳನ್ನು ಮೇಲಿಂದ ಕೆಳಗೆ ನೋಡಿದ, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಭರಮಮ್ಮ ಇನ್ನೂ ನೂರು ಏರಿಸಿದಳು. "ಮೂರು ಸಲ" ಎನ್ನುತ್ತಲೇ ಎಂಜಿನಿಯರ ಸುತ್ತಿಗೆ ಬಿತ್ತು. ನೇಯುವವರ ಮನೆಯ ಹೆಂಗಸರು ಪಡಸಾಲೆಗೆ ನುಗ್ಗಿ, ಕಂಬದಿಂದ ಕಂಬಕ್ಕೆ ಓಡಾಡಿದರು.

ಹುಲುಗಮ್ಮ ಮೊದಲ ತಪಾಸಣೆಗೆ ಹೋದಾಗ ಹಿಂದಿನ ಕೋಣೆಗಳಲ್ಲಿ ಎಂಟು ಮಗ್ಗ ಸದ್ದು ಮಾಡುತ್ತಿದ್ದವು. ಭರಮಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟು, "ಮೊದ್ಲು ತಿನ್ನವ್ವ, ಆಮ್ಯಾಲ ಅಳತಿ ಮಾಡೀಯಂತ" ಎಂದಳು.