ಹನ್ನೊಂದನೆಯ ಅಂತಸ್ತು

೧೯೯೪ರ ನವೆಂಬರ್ ೧೩, ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದೊಡ್ಡಬಳ್ಳಾಪುರದ ರಾಮಾಂಜಿನಪ್ಪನವರ ಮನೆಯಲ್ಲಿ ಹೊಸ ಕಂಪ್ಯೂಟರಿಗೆ ಕರೆಂಟು ಕೊಟ್ಟರು. ಅದಕ್ಕೆಂದೇ ಹಿತ್ತಲಿನ ಮಗ್ಗಗಳನ್ನು ನಿಲ್ಲಿಸಿದ್ದರು.

ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಇನ್ನು ಇದರಲ್ಲೇ ಬರೆಯಬೇಕು. ಬರೆಯುವವರು ಮಗ ರವಿಶಂಕರನೋ ಮಗಳು ಅನಿತಳೋ ಎಂಬುದು ತೀರ್ಮಾನವಾಗಿರಲಿಲ್ಲ. ಕಂಪ್ಯೂಟರ್ ಅರ್ಥವಾಗದ ರಾಮಾಂಜಿನಪ್ಪ ತಮ್ಮ ಕಣ್ಣಿಗೆ ಕಾಣುವ ಅಳತೆಯೊಂದನ್ನು ಹಿಡಿದಿದ್ದರು. ಹಳೆಯ ಕಂಪ್ಯೂಟರಿನಲ್ಲಿ ಮಕ್ಕಳಿಬ್ಬರೂ ಹನ್ನೆರಡು ಅಂತಸ್ತಿನ ಕೋಟೆ ಹತ್ತುವ ಆಟವೊಂದನ್ನು ಆಡುತ್ತಿದ್ದರು.

"ಹೊಸ ಮಿಷಿನ್ನು ಬಂದ ದಿನ ಯಾರ ಆಟ ಮೇಲಿರುತ್ತೋ ಅವರು ಕುರ್ಚಿ ಮೇಲೆ. ಇನ್ನೊಬ್ಬರು ಕಂಡಿಕೆ ಸುತ್ತೋದು," ಎಂದಿದ್ದರು. ಕಂಡಿಕೆಗೆ ನೂಲು ಸುತ್ತಲು ಕೂತವರು ಆ ಮೂಲೆ ಬಿಟ್ಟು ಎದ್ದದ್ದನ್ನು ಅನಿತ ನೋಡಿರಲಿಲ್ಲ.

ಅವಳು ಹನ್ನೊಂದನೆಯ ಅಂತಸ್ತಿನಲ್ಲಿದ್ದಳು, ಅಣ್ಣ ನಾಲ್ಕನೆಯದರಲ್ಲಿ. ಹಳೆಯ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಆಡಿದಷ್ಟೂ ಅವರವರ ಫ್ಲಾಪಿಯಲ್ಲೇ ಉಳಿಯುತ್ತಿತ್ತು. ಅಂಗೈಗಿಂತ ಅಗಲದ, ಬಾಗುವ ಕಪ್ಪು ಚೌಕ. ಹಾಳಾದ ಫ್ಲಾಪಿಯೊಂದನ್ನು ರವಿಶಂಕರ್ ಹಿಂದೊಮ್ಮೆ ಸೀಳಿ ತೋರಿಸಿದ್ದ. ಒಳಗಿದ್ದದ್ದು ಆಡಿದ್ದೆಲ್ಲ ದಾಖಲಾಗುವ ದುಂಡನೆಯ ಹಾಳೆ. "ನೋಡೇ, ಮೂಲೆಗಳೆಲ್ಲ ಖಾಲಿ," ಎಂದಿದ್ದ.

ಮೊದಲು ಅವನ ಫ್ಲಾಪಿ ಹಾಕಿದರು. ನಾಲ್ಕನೆಯ ಅಂತಸ್ತು ಬಂತು.

"ಏನ್ ಗುರು, ಇನ್ನೂ ಅಲ್ಲೇ ಇದ್ಯಾ?" ಅನಿತ ನಕ್ಕಳು. "ಏಳು, ಕಂಡಿಕೆ ಕಾಯ್ತಾ ಐತೆ."

"ನಿಂದು ಹಾಕಮ್ಮ, ನೋಡಾನ," ಎಂದ ರವಿಶಂಕರ್.

ಅವಳ ಫ್ಲಾಪಿ ಎಂದಿನ ಡಬ್ಬಿಯಲ್ಲಿರಲಿಲ್ಲ. ತಾಯಿ ವರಲಕ್ಷ್ಮಮ್ಮ ಅದನ್ನು ಒಳಗಿನಿಂದ ತಂದರು. ಅವರು ಮಗ್ಗದಲ್ಲಿ ಡಿಸೈನು ಮೂಡಿಸುವ ಜಕಾರ್ಡಿನ ರಟ್ಟು ಕಾರ್ಡುಗಳಿಗೆ ತೂತು ಹೊಡೆದು, ದಾರ ಪೋಣಿಸಿ ಸಾಲಾಗಿ ಕಟ್ಟುವವರು. ಕಟ್ಟದೆ ಬಿಟ್ಟ ಕಾರ್ಡು ಅವರ ಪಾಲಿಗೆ ಕಳೆದುಹೋದ ಕಾರ್ಡು. ಫ್ಲಾಪಿಯ ಒಂದು ಅಂಚಿನ ಬಳಿ ದುಂಡಗೆ ತೂತು ಬಿದ್ದಿತ್ತು. ಅದರಲ್ಲಿ ಕೆಂಪು ದಾರ, ಒಪ್ಪವಾದ ಗಂಟು.

"ಹಳೇ ಕಂಪ್ಯೂಟರ್ನ ನಿನ್ನೆ ತಗಂಡೋದ್ರಲ್ಲ, ಆ ಗಲಾಟೇಲಿ ಕಳೆದೋಗ್ಬಾರ್ದು ಅಂತ ದೇವ್ರ ಗೂಟಕ್ಕೆ ಕಟ್ಟಿಟ್ಟಿದ್ದೆ," ಎಂದರು ವರಲಕ್ಷ್ಮಮ್ಮ. "ತೂತು ಎಷ್ಟು ನೀಟಾಗಿ ಬಂದೈತೆ ನೋಡು."

ಅನಿತ ದಾರ ಬಿಚ್ಚಿ ಫ್ಲಾಪಿಯನ್ನು ತೂರಿಸಿದಳು. ಯಂತ್ರ ಕರಕರ ಎಂದಿತು, ನಿಂತಿತು, ಮತ್ತೆ ಕರಕರ ಎಂದಿತು. ಓದಲಾಗುತ್ತಿಲ್ಲ ಎಂಬ ಒಂದೇ ಸಾಲು ಬಂತು.

"ಅಪ್ಪಾ, ಮೊದಲಿಂದ ಆಡಿ ತೋರಿಸ್ತೀನಿ. ಸಂಜೆವರೆಗೂ ಟೈಮ್ ಕೊಡಿ."

"ಇವತ್ತು ಏನೈತೋ ಅದೇ ಲೆಕ್ಕ ಅಂದಿದ್ದೆ," ಎಂದರು ರಾಮಾಂಜಿನಪ್ಪ. "ಒಂದು ಕಾರ್ಡು ಜೋಪಾನ ಮಾಡಕ್ಕಾಗ್ದೋಳು ಡಿಸೈನ್ ಏನ್ ಜೋಪಾನ ಮಾಡ್ತೀಯಾ?"

ರವಿಶಂಕರ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಬೇಜಾರ್ ಮಾಡ್ಕೋಬೇಡ ಕಣೇ. ಕಂಡಿಕೇನೂ ಗಿರಗಿರ ಅಂತ ತಿರುಗುತ್ತೆ, ಆಟದ ಥರಾನೇ."

ಅನಿತ ತಾಯಿಯ ಕಡೆ ತಿರುಗಿದಳು. "ನಿನ್ ಕೈ ಸೇದೋಗ. ತೂತು ಹೊಡೆಯೋದು ಬಿಟ್ರೆ ಏನ್ ಬರುತ್ತೆ ನಿಂಗೆ?"

ವರಲಕ್ಷ್ಮಮ್ಮ ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನಾನು ಮೂಲೇಲೇ ಹೊಡೀತಿದ್ದೆ ಕಣಮ್ಮ. ಮೂಲೇಲಿ ಹರ್ದೋಗುತ್ತೆ, ಅಂಚಿನ ಮಧ್ಯ ಹೊಡಿ ಅಂತ ರವೀನೇ ಪೆನ್ಸಿಲ್ಲಲ್ಲಿ ಚುಕ್ಕಿ ಇಟ್ಕೊಟ್ಟ."

ಅನಿತ ಅಣ್ಣನನ್ನು ನೋಡಿದಳು. ಅವನು ಪರದೆಯನ್ನು ನೋಡುತ್ತಿದ್ದ. ಅಪ್ಪ ಮಗ್ಗದ ಸ್ವಿಚ್ ಹಾಕಲು ಹಿತ್ತಲಿಗೆ ಹೋಗಿಯಾಗಿತ್ತು. ಮರುಕ್ಷಣ ಎದ್ದ ಸದ್ದಿನಲ್ಲಿ ಅವಳು ಕೂಗಿದ್ದು ಯಾರಿಗೂ ಕೇಳಲಿಲ್ಲ.

ಕಂಡಿಕೆಯ ಮೂಲೆಯಲ್ಲಿ ಕೂತು ಅವಳು ಕಾಲೇಜಿನ ಸ್ಕೇಲನ್ನು ಫ್ಲಾಪಿಯ ಮೇಲಿಟ್ಟಳು. ಆ ಅಂಚಿನ ಎರಡು ಮೂಲೆಗಳಲ್ಲಿ ಯಾವುದರಿಂದ ಅಳೆದರೂ ತೂತಿನ ನಡುವಿಗೆ ಅರವತ್ತಾರೂವರೆ ಮಿಲಿಮೀಟರ್.