ಮುಚ್ಚದ ಬಲಗಣ್ಣು

ದರ್ಜಿ ಹೆಂಗಸು ಕುರ್ಚಿಯಲ್ಲಿ ಕೂತವಳೇ ಬಲಗಣ್ಣಿಗೆ ಕರವಸ್ತ್ರ ಒತ್ತಿಕೊಂಡಳು. ರೆಪ್ಪೆಯ ಜೋಲುಚರ್ಮ ತೆಗೆಸಿಕೊಂಡು ಕೆಲವು ತಿಂಗಳಾಗಿತ್ತು. ಆಪರೇಶನ್ ಮಾಡಿದ ದೊಡ್ಡ ಡಾಕ್ಟರು ರಜೆಯಲ್ಲಿದ್ದುದರಿಂದ ಇಂದು ಚಿಕ್ಕ ಡಾಕ್ಟರ ಹತ್ತಿರ ಬಂದಿದ್ದಳು. ದೊಡ್ಡವರು ಚಿಕ್ಕವಳಿಗೆ ಸೋದರಮಾವ. ತಂದೆಯಿಲ್ಲದ ಅವಳನ್ನು ಸಾಕಿ, ಓದಿಸಿ, ತಮ್ಮ ಆಸ್ಪತ್ರೆಯಲ್ಲೇ ಕೆಲಸಕ್ಕಿಟ್ಟುಕೊಂಡವರು.

"ನರ ಸ್ವಲ್ಪ ಸೋತಿದೆ, ತಾನಾಗೇ ಸರಿಹೋಗುತ್ತೆ ಅಂದಿದ್ರು ಡಾಕ್ಟ್ರು. ಆದ್ರೆ ಬೆಳಿಗ್ಗೆ ಎದ್ರೆ ಕಣ್ಣಲ್ಲಿ ಮರಳು ಹುಯ್ದ ಹಾಗಿರುತ್ತೆ. 'ನಿದ್ದೇಲೂ ನನ್ನ ಕಾವಲು ಕಾಯ್ತೀಯಲ್ಲೇ' ಅಂತ ಯಜಮಾನ್ರು ತಮಾಷೆ ಮಾಡ್ತಾರೆ" ಎಂದು ನಕ್ಕಳು.

ಚಿಕ್ಕ ಡಾಕ್ಟರು ಆ ನಗುವನ್ನೇ ಗಮನಿಸಿದಳು. ತುಟಿ ಎರಡೂ ಕಡೆ ಸಮನಾಗಿ ಅರಳಿತ್ತು. ಹುಬ್ಬು ಎತ್ತಲು, ಕೆನ್ನೆ ಉಬ್ಬಿಸಲು ಹೇಳಿದಳು. ನರದ ಕೆಲಸವೆಲ್ಲ ಚೆನ್ನಾಗಿಯೇ ಇತ್ತು. ಮೆಲ್ಲಗೆ ಕಣ್ಣು ಮುಚ್ಚಲು ಹೇಳಿದಾಗ ಮಾತ್ರ ಬಲರೆಪ್ಪೆ ನಡುದಾರಿಯಲ್ಲೇ ನಿಂತಿತು. ಬೆರಳಲ್ಲಿ ಎಳೆದರೂ ಬಿಗಿದ ಗಾಯದ ಕಲೆ ಜಗ್ಗಲಿಲ್ಲ. ಬಣ್ಣದ ಹನಿ ಹಾಕಿ ನೋಡಿದರೆ ಕರಿಗುಡ್ಡೆಯ ಕೆಳಭಾಗ ಒಣಗಿ ಹುಣ್ಣಾಗುತ್ತಿತ್ತು. ಮಾವ ಚರ್ಮವನ್ನು ಹೆಚ್ಚಾಗಿ ಕತ್ತರಿಸಿಬಿಟ್ಟಿದ್ದರು.

ಕಂಪ್ಯೂಟರಿನಲ್ಲಿ ರೋಗದ ಕೋಡ್ ಹಾಕಬೇಕಿತ್ತು: ಯಾವ ಕಣ್ಣು, ಯಾವ ರೆಪ್ಪೆ, ಕಾರಣ ನರವೋ ಗಾಯದ ಕಲೆಯೋ. ನರವೆಂದರೆ ಕಾಯುವುದು. ಕಲೆಯೆಂದರೆ ಬೇರೆಡೆಯಿಂದ ಚರ್ಮ ತಂದು ಹೊಲಿಯುವುದು. ಅದರ ಖರ್ಚಿಗೆ ವಿಮೆಯವರು ಒಪ್ಪುವುದೂ ಕಲೆಯ ಕೋಡ್ ಇದ್ದರೆ ಮಾತ್ರ. ಅವಳು ಪಕ್ಕದ ಕೋಣೆಗೆ ಹೋಗಿ ಮಾವನಿಗೆ ಫೋನ್ ಮಾಡಿದಳು.

"ಮಾವ, ಇದು ನರ ಅಲ್ಲ. ಕಲೆ ಎಳೀತಿದೆ."

"ಕಾರಣ ಗೊತ್ತಿಲ್ಲ ಅನ್ನೋ ಕೋಡ್ ಇದೆಯಲ್ಲ, ಅದನ್ನೇ ಹಾಕು. ಬಂದ್ಮೇಲೆ ನಾನು ನೋಡ್ಕೋತೀನಿ."

"ಗೊತ್ತಿದ್ದೂ ಹೇಗೆ ಹಾಕ್ಲಿ? ಕಣ್ಣು ಹಾಳಾಗ್ತಿದೆ ಮಾವ."

"ನನ್ನ ಹೆಸರಿಗೆ ಮಸಿ ಬಳಿಯೋಕೆ ನಿನ್ನ ಓದಿಸಿದ ಹಾಗಾಯ್ತು ಕಣಮ್ಮ" ಎಂದು ಫೋನ್ ಇಟ್ಟುಬಿಟ್ಟರು.

ಅವಳು ಹಿಂತಿರುಗಿ ಬಂದು ಬಲಗಣ್ಣು, ಮೇಲ್ರೆಪ್ಪೆ, ಗಾಯದ ಕಲೆ ಎಂದೇ ಕೋಡ್ ಹಾಕಿದಳು. ಆಮೇಲೆ ಹೆಂಗಸಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಹಾಗಾದ್ರೆ ಇಷ್ಟು ದಿನ ಸುಮ್ನೆ ಕಾದೆನಾ?"

"ಕಾಯಿಸಬಾರದಿತ್ತು. ನಮ್ಮಿಂದ ತಪ್ಪಾಯ್ತು."

"ನೀವು ಅವರ ಸೋದರಸೊಸೆ ಅಲ್ವಾ?"

"ಹೌದು."

ಹೆಂಗಸು ಅವಳನ್ನೇ ದಿಟ್ಟಿಸಿದಳು. ಕೂಗಾಡಲಿಲ್ಲ. "ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದಷ್ಟು ಹೇಳಿ" ಎಂದಳು.

ಬೇರೊಂದು ಆಸ್ಪತ್ರೆಯಲ್ಲಿ ಚರ್ಮ ಕೂಡಿಸಿದ ಮೇಲೆ ರೆಪ್ಪೆ ಮುಚ್ಚತೊಡಗಿತು. ಆದರೆ ಹುಣ್ಣಾಗಿದ್ದ ಜಾಗದಲ್ಲಿ ತೆಳು ಮಸುಕು ಉಳಿದೇಹೋಯಿತು.

ರಜೆ ಮುಗಿಸಿ ಬಂದ ಮಾವ ಒಂದು ದಿನ ಒಬ್ಬರೇ ಆ ಹೆಂಗಸಿನ ಮನೆಗೆ ಹೋಗಿಬಂದರು. ಅಲ್ಲಿ ಏನು ಮಾತಾಯಿತೋ ಯಾರಿಗೂ ಹೇಳಲಿಲ್ಲ. ಅಂದಿನಿಂದ ರೆಪ್ಪೆಯ ಆಪರೇಶನ್ನುಗಳನ್ನೆಲ್ಲ ಬೇರೆಯವರಿಗೆ ಬಿಟ್ಟರು. ಸೊಸೆ "ಮಾವ" ಎಂದು ಕರೆದರೆ ಓಗೊಡುತ್ತಾರೆ, ರೋಗಿಗಳ ವಿಷಯ ಮಾತಾಡುತ್ತಾರೆ. ಅದು ಮುಗಿದೊಡನೆ ಎದ್ದು ಹೋಗುತ್ತಾರೆ.