ಹಗ್ಗದಜ್ಜನ ಮಾರು

ಹಗ್ಗದಂಗಡಿಯ ಅಜ್ಜ ಮೊಣಕೈ ಮುರಿದುಕೊಂಡದ್ದು ಜಂಬದಿಂದ. ಗಿರಾಕಿಯೊಬ್ಬ "ಈ ಹಗ್ಗ ಭಾರ ತಡೆಯುತ್ತಾ?" ಎಂದು ಕೇಳಿದ್ದೇ ತಡ, ಅಂಗಡಿಯೆದುರಿನ ಮರಕ್ಕೆ ಅದನ್ನು ಬಿಗಿದು ತಾನೇ ಜೋತುಬಿದ್ದ. ಹಗ್ಗಕ್ಕೆ ಏನೂ ಆಗಲಿಲ್ಲ. ಕೊಂಬೆ ಮುರಿಯಿತು, ಅದರ ಜೊತೆಗೆ ಬಲಗೈಯೂ.

ಪ್ಲಾಸ್ಟರ್ ಬಿಚ್ಚಿದಾಗ ಕೈ ಅರ್ಧ ಮಡಚಿದ ಹಾಗೇ ನಿಂತಿತ್ತು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, "ಮೇಜಿನ ಮೇಲಿಟ್ಟು ಮೆಲ್ಲಗೆ ಚಾಚಿ, ಮಡಚಿ. ದಿನಾ ಮಾಡ್ಬೇಕು" ಎಂದರು. ಅಜ್ಜ ಹೂಂಗುಟ್ಟಿ ಬಂದ. ಮನೆಯಲ್ಲಿ ಮಾತ್ರ, "ಹಗ್ಗ ಎಳೆದೇ ಮುದುಕನಾದೋನು ನಾನು. ಕೈ ಚಾಚೋದು ಆಕೆ ಕಲಿಸ್ಬೇಕಾ?" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ. ತಿರುವಿದ್ದು ಎಡಗೈಯಲ್ಲಿ, ಬಲಗೈ ಮೀಸೆಯವರೆಗೆ ಬರುತ್ತಿರಲಿಲ್ಲ.

ಆ ಅಂಗಡಿಯಲ್ಲಿ ಅಳತೆ ಎಂದರೆ ಅಜ್ಜನ ಮಾರು: ಎರಡೂ ಕೈ ಅಗಲಿಸಿ, ಈ ಬೆರಳತುದಿಯಿಂದ ಆ ಬೆರಳತುದಿಗೆ ಹಿಡಿದ ಹಗ್ಗ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಮಗಳು ಟೇಪು ತಂದು ಮೊಳೆಗೆ ನೇತುಹಾಕಿ ವರ್ಷವಾದರೂ ಅಜ್ಜ ಅದನ್ನು ಮುಟ್ಟಿರಲಿಲ್ಲ. "ಜನ ನನ್ನ ಕೈ ನಂಬಿ ಬರ್ತಾರೆ" ಎಂಬುದು ಅವನ ಒಂದೇ ಮಾತು.

ಅಂಗಡಿಗೆ ಮರಳಿದ ವಾರದಲ್ಲೇ ಎದುರುಗಡೆಯ ಲಾಂಡ್ರಿಯವಳು ಹೊಸ ಹಗ್ಗ ಹಿಡಿದು ಬುಸುಗುಟ್ಟುತ್ತ ಬಂದಳು.

"ಏನಜ್ಜ, ಯಾವಾಗ್ಲೂ ತಗೊಳ್ಳೋ ಹತ್ತು ಮಾರೇ ಇದು. ಬಟ್ಟೆ ಒಣಹಾಕೋಕೆ ಕಟ್ಟಿದ್ರೆ ಆಚೆ ಕಂಬಕ್ಕೆ ಮುಟ್ಟಲೇ ಇಲ್ಲ!"

"ಕಂಬ ಸರಿದಿರ್ಬೇಕು ನೋಡು."

"ಕಂಬ ಯಾಕೆ ಸರಿಯುತ್ತೆ? ನಿಮ್ಮ ಮೊಣಕೈ ನೋಡ್ಕೊಳ್ಳಿ. ಪೂರ್ತಿ ಚಾಚಿದ್ದೀನಿ ಅಂತ ನಿಮಗನ್ಸುತ್ತೆ, ಅಷ್ಟೆ."

ಮಗಳು ಕಿಸಕ್ಕನೆ ನಕ್ಕಳು. ಅಜ್ಜನಿಗೆ ನಗು ಬರಲಿಲ್ಲ. ಕೊಟ್ಟ ಹಗ್ಗ ವಾಪಸು ಬಂದದ್ದು ಅವನ ಜನ್ಮದಲ್ಲೇ ಮೊದಲು. ಈ ವಾರ ಇನ್ನೆಷ್ಟು ಜನಕ್ಕೆ ಮೋಸ ಮಾಡಿದೆನೋ ಎಂದು ಲೆಕ್ಕ ಹಾಕತೊಡಗಿದ.

ಅಂದಿನಿಂದ ಡಾಕ್ಟರಮ್ಮ ಬಾಗಿಲು ತೆರೆಯುವ ಮುಂಚೆಯೇ ಅಜ್ಜ ಹಾಜರು. ಮನೆಯಲ್ಲೂ ಊಟದ ಮೇಜು, ಕಿಟಕಿಯ ಕಟ್ಟೆ, ಎಲ್ಲೆಂದರಲ್ಲಿ ಕೈ ಚಾಚಿ ಕೂತ. "ಅಯ್ಯೋ" ಎನ್ನುವುದನ್ನು ನುಂಗಲು ಹಾಡು ಹೇಳತೊಡಗಿದ. "ನಿಮ್ಮ ಅಯ್ಯೋನೇ ವಾಸಿ" ಎಂದು ಹೆಂಡತಿ ಕಿವಿ ಮುಚ್ಚಿಕೊಂಡಳು. ಮೊದಲು ಷರಟಿನ ಗುಂಡಿ ಕೈಗೆ ಸಿಕ್ಕಿತು, ಆಮೇಲೆ ಗದ್ದ. ಚಾಚಿದರೆ ಹೆಚ್ಚುಕಡಿಮೆ ನೆಟ್ಟಗೂ ಆಯಿತು.

"ಚಾಚೋದ್ರಲ್ಲಿ ಒಂಚೂರು ಕೊರತೆ ಉಳಿದೇ ಉಳಿಯುತ್ತೆ ಅಜ್ಜ," ಡಾಕ್ಟರಮ್ಮ ಒಂದು ದಿನ ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೋಬೇಡಿ."

ಅಜ್ಜ ನೇರ ಅಂಗಡಿಗೆ ಬಂದ. ಮೊಳೆಯಿಂದ ಟೇಪು ತೆಗೆದು ಮಗಳ ಕೈಗಿಟ್ಟು, ಎರಡೂ ಕೈ ಅಗಲಿಸಿ ನಿಂತ.

"ನನ್ನ ಅಳತೆ ತಗೋ."

ಮಗಳು ಅಳೆದಳು. "ಮೊದಲಿಗಿಂತ ಎರಡು ಬೆರಳು ಕಮ್ಮಿ."

"ಮೊದಲು ಎಷ್ಟಿತ್ತು ಅಂತ ನಿನಗೇನು ಗೊತ್ತು?"

"ಟೇಪು ತಂದ ದಿನ ನೀನು ಕತ್ತರಿಸಿಟ್ಟ ಹಗ್ಗಾನೆಲ್ಲ ಕದ್ದು ಅಳೆದಿದ್ದೆ ಅಪ್ಪ. ಒಂದರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸ ಇರ್ಲಿಲ್ಲ. ಅದಕ್ಕೇ ಅಲ್ವಾ ಟೇಪು ಮೊಳೆಯಲ್ಲೇ ಉಳಿದಿದ್ದು?"

 ಅಜ್ಜ ಹಗ್ಗದ ಸುರುಳಿ ಎಳೆದುಕೊಂಡು, ಲಾಂಡ್ರಿಯವಳನ್ನು ಕೂಗಿ ಕರೆದು ಹತ್ತು ಮಾರು ಅಳೆದ. ಪ್ರತಿ ಮಾರಿನ ಕೊನೆಗೂ ಎರಡು ಬೆರಳು ಇಟ್ಟು ಸೇರಿಸಿದ.

ಅವಳು ಒಯ್ದು ಕಟ್ಟಿದಳು. ಅಪ್ಪ, ಮಗಳು ಬಾಗಿಲಲ್ಲಿ ನಿಂತು ನೋಡಿದರು.

"ಮುಟ್ಟಿತು ಅಜ್ಜಾ!" ಎಂದು ಅವಳು ಅಲ್ಲಿಂದಲೇ ಕೂಗಿದಳು.

ಅಜ್ಜ ಕೈಯೆತ್ತಿ ಮೀಸೆ ತಿರುವಿದ. ಅದು ಬಲಗೈ ಎಂದು ಅವನಿಗೆ ಗೊತ್ತಾದದ್ದು, ಪಕ್ಕದಲ್ಲಿದ್ದ ಮಗಳು ಕಣ್ಣೊರೆಸಿಕೊಂಡು ನಕ್ಕಾಗ.